ಆಲ್ಡೊ ಖಾಲಿ ಬಿಟ್ಟ ಚೌಕ

1977 ಅಕ್ಟೋಬರ್ 10, ಸೋಮವಾರ

ಬರೆಯಬೇಕಂತೆ. ದಿನಕ್ಕೊಂದು ಪುಟ. ಆಸ್ಪತ್ರೆಯಲ್ಲಿ ನನ್ನ ಕೈಗೆ ವ್ಯಾಯಾಮ ಮಾಡಿಸುವ ಮಿಸೆಸ್ ಡನ್ಫಿಯ ಅಪ್ಪಣೆ. ಏನು ಬರೆಯಲಿ ಎಂದರೆ "ಮನಸ್ಸಿಗೆ ಬಂದಿದ್ದು ಬರೀರಿ, ಯಾರೂ ಓದಲ್ಲ" ಎನ್ನುತ್ತಾಳೆ. ಯಾರೂ ಓದದ್ದನ್ನು ಬರೆಯುವುದು ಯಾವ ಸೀಮೆಯ ಬುದ್ಧಿ? ಈ ಕರ್ಮ ಬೇಡವೆಂದೇ ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನಿನಂಗಡಿ ಸೇರಿದ್ದು. ಈಗ ಮುದುಕನಾದ ಮೇಲೆ ಮತ್ತೆ ಹಿಡಿದು ಕೂರಿಸಿದ್ದಾರೆ.

ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ಬಿದ್ದಿವೆ. ಸಾಕು.

ಅಕ್ಟೋಬರ್ 11, ಮಂಗಳವಾರ

ಏನೂ ತೋಚದಿದ್ದರೆ ಹೆಸರು, ಕೆಲಸ ಬರೆಯಿರಿ ಅಂದಿದ್ದಳು. ಸರಿ.

ಹೆಸರು ಹೈಮನ್ ಪ್ರುಜಾನ್. ಊರು ಬ್ರೂಕ್ಲಿನ್. ಹೆಂಡತಿ ಬೆಸ್ಸಿ. ಜುಲೈನಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ ಮರದ ಕೊರಡಾಯಿತು. ಈಗ ಸ್ವಲ್ಪ ಅಲ್ಲಾಡುತ್ತದೆ, ಆದರೆ ನಡುಗುತ್ತದೆ. ಗಡ್ಡ ಹೆರೆಯುವವಳು ಬೆಸ್ಸಿ, ಕುರಿಯ ಉಣ್ಣೆ ತೆಗೆದ ಹಾಗೆ.

ಕೆಲಸ: ಇನ್ನೊಬ್ಬ ಪೆನ್ಸಿಲಿನಲ್ಲಿ ಬಿಡಿಸಿದ ಚಿತ್ರದ ಮೇಲೆ ಕುಂಚದಿಂದ ಶಾಯಿ ಹಾಕುವುದು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಹತ್ತು ಸೆಂಟಿನ ಕಾಮಿಕ್ಸ್. ಗೋರಿಯಿಂದ ಎದ್ದು ಬರುವ ಗಂಡ, ಮಂಗಳ ಗ್ರಹದ ಮಾಂಸದಂಗಡಿ, ಅಂಥವು. ಕಥೆಗೆ ಎಂಟು ಪುಟ, ಚೌಕಕ್ಕೊಂದು ಚಿತ್ರ. ಕೊನೆಯ ಪುಟದ ಕೊನೆಯ ಚೌಕದಲ್ಲಿ ದುಷ್ಟನ ಕುತಂತ್ರ ಅವನಿಗೇ ತಿರುಗಿ ಹೊಡೆಯಬೇಕು. ಮಕ್ಕಳು ಕೆಡುತ್ತಾರೆ ಎಂದು ದೊಡ್ಡವರೆಲ್ಲ ಗಲಾಟೆ ಮಾಡಿ ನಮ್ಮ ಕಂಪನಿ ಮುಚ್ಚಿಸಿದರು. ಆಮೇಲೆ ಅಂಗಡಿಗಳ ಬೋರ್ಡು ಬರೆದು ಬದುಕಿದೆ.

ಬೆರಳು ನೋಯುತ್ತಿದೆ.

ಅಕ್ಟೋಬರ್ 14, ಶುಕ್ರವಾರ

ಎರಡು ದಿನ ಬರೆಯಲಿಲ್ಲ, ಬರೆಯಲು ಏನೂ ಇರಲಿಲ್ಲ. ಇವತ್ತು ಇದೆ.

ಬ್ರೆಡ್ ತರಲು ಹೋದ ಬೆಸ್ಸಿ ಒಂದು ಪತ್ರಿಕೆಯನ್ನೂ ತಂದಳು. ಹಳೆಯ ಕಾಮಿಕ್ಸ್ ಹುಚ್ಚು ಹಿಡಿದವರು ಹೊರಡಿಸುವ ಪತ್ರಿಕೆ. ಆಗ ಅದೇ ಪುಸ್ತಕಗಳನ್ನು ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಈಗ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪೂಜೆ ಮಾಡುತ್ತಾರೆ. ತೆರೆದರೆ ಒಂದಿಡೀ ಪುಟದ ಫೋಟೋ. ಆಲ್ಡೊ ಟ್ರಿಮಾರ್ಕಿ. ನನ್ನ ಪಕ್ಕದ ಮೇಜಿನಲ್ಲಿ ಕೂತು ಪೆನ್ಸಿಲ್ ಹಿಡಿದಿದ್ದವನು. ಕೆಳಗೆ ದಪ್ಪಕ್ಷರದಲ್ಲಿ, "ನೆರಳಿನ ದೊರೆ."

ನೆರಳಿನ ದೊರೆ! ಆ ಮನುಷ್ಯ ಜನ್ಮದಲ್ಲಿ ಒಂದು ನೆರಳು ಬಿಡಿಸಿದವನಲ್ಲ. ಆ ನೆರಳೆಲ್ಲ ನನ್ನ ಕುಂಚದ್ದು.

"ತಲೆ ತುಂಬ ಕೂದಲಿದೆ ನೋಡು ಇನ್ನೂ," ಅಂದಳು ಬೆಸ್ಸಿ.

"ವಿಗ್ಗು."

"ನಿನಗೆ ಹೆಂಗೆ ಗೊತ್ತು?"

"ಆಲ್ಡೊ ತಲೇಲಿ ನಿಜವಾದ್ದು ಏನೂ ಇಲ್ಲ."

"ಹೊಟ್ಟೆ ಉರ್ಕೋಬೇಡ. ಡಾಕ್ಟ್ರು ಬಿ.ಪಿ. ಏರಬಾರದು ಅಂದಿದಾರೆ."

ಹೊಟ್ಟೆ ಉರಿಯುವುದಕ್ಕೆ ಅಸಲು ಕಾರಣ ಅವಳು ಓದಿರಲಿಲ್ಲ. ಹಳೆಯ ಶೈಲಿಯಲ್ಲೇ ಎಂಟು ಪುಟದ ಹೊಸ ಕಥೆಯೊಂದನ್ನು ಆಲ್ಡೊ ಬಿಡಿಸುತ್ತಿದ್ದಾನಂತೆ. ಯಾರೋ ನಾರ್ಮಾ ಎಂಬ ಸಂಪಾದಕಿ ಹೊಸ ಪುಸ್ತಕ ತರುತ್ತಿದ್ದಾಳೆ. ಅದಕ್ಕೆ ಶಾಯಿ ಹಾಕುವವನು ಕರ್ಟಿಸ್ ಹಾಲೆನ್.

ಯಾರು ಈ ಹಾಲೆನ್? ಜಾಹೀರಾತು ಕಂಪನಿಯವನಂತೆ. ಸಾಬೂನಿನ ಚಿತ್ರ ಬರೆಯುವವನು. ಆಲ್ಡೊನ ಪೆನ್ಸಿಲ್ ಮೇಲೆ ಕೈ ಇಡುತ್ತಾನೆ.

ಅಕ್ಟೋಬರ್ 15, ಶನಿವಾರ

ಸಾಬೂನು!

ಅಕ್ಟೋಬರ್ 19, ಬುಧವಾರ

ನಿನ್ನೆ ನಮ್ಮೂರಿನ ತಂಡ ಬೇಸ್‌ಬಾಲ್ ಗೆದ್ದಿತೆಂದು ಬೀದಿಯೆಲ್ಲ ಇನ್ನೂ ಹಾರನ್ ಹೊಡೆಯುತ್ತಿದೆ. ನನ್ನ ತಲೆಯಲ್ಲಿ ಒಂದೇ ಮಾತು. ನನ್ನನ್ನು ಕೇಳಬಹುದಿತ್ತು. ಕೈ ಹೋಗಿದೆ ಎಂದು ಯಾರಿಂದಲೋ ತಿಳಿದಿದ್ದರೂ ಕೇಳಬಹುದಿತ್ತು. ಆಗುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಅಷ್ಟು ಮರ್ಯಾದೆಯೂ ಬೇಡವೇ?

ಕಂಪನಿ ಮುಚ್ಚಿದ ದಿನ ಆಲ್ಡೊ ತನ್ನ ಪೆನ್ಸಿಲ್ ಡಬ್ಬಿ ಎತ್ತಿಕೊಂಡು "ಸರಿ ಹಾಗಾದ್ರೆ" ಅಂದ. ನಾನೂ "ಸರಿ" ಅಂದೆ. ಅಷ್ಟೇ. ಅವನ ಮನೆ ಇಲ್ಲಿಗೆ ಬಸ್ಸಿನಲ್ಲಿ ಎಷ್ಟೂ ದೂರವಿಲ್ಲ. ಅವನು ಬರಲಿಲ್ಲ, ನಾನೂ ಹೋಗಲಿಲ್ಲ.

ಅಕ್ಟೋಬರ್ 20, ಗುರುವಾರ

ಇವತ್ತು ಉದ್ದ ಬರೆಯುತ್ತೇನೆ, ಸಿಟ್ಟು ಇಳಿಯುವವರೆಗೆ.

ಆಲ್ಡೊನಂಥ ಸೋಮಾರಿಯನ್ನು ನಾನು ಕಂಡಿಲ್ಲ. ಬೇರೆಯವರು ಪೆನ್ಸಿಲಿನಲ್ಲಿ ಎಲ್ಲ ಬಿಡಿಸಿ ಕೊಡುತ್ತಿದ್ದರು, ಕಣ್ಣು, ಮೂಗು, ಸುಕ್ಕು, ಗುಂಡಿ. ಶಾಯಿಯವನು ಅದರ ಮೇಲೆ ಕೈ ಆಡಿಸಿದರೆ ಮುಗಿಯಿತು. ಇವನು? ಒಂದು ಮೊಟ್ಟೆ ಬಿಡಿಸಿ "ಇದು ಮುಖ" ಅನ್ನುತ್ತಿದ್ದ. ಎರಡು ಗೆರೆ ಎಳೆದು "ಸ್ಮಶಾನ" ಅನ್ನುತ್ತಿದ್ದ. ಆ ಮೊಟ್ಟೆಗೆ ಭಯ ತುಂಬಬೇಕಾದವನು ನಾನು. ಆ ಗೆರೆಗಳ ನಡುವೆ ಕತ್ತಲು ಸುರಿಯಬೇಕಾದವನು ನಾನು.

ಕೊನೆಯ ಚೌಕವನ್ನಂತೂ ಅವನು ಮುಟ್ಟುತ್ತಲೇ ಇರಲಿಲ್ಲ. ಖಾಲಿ. ಅಚ್ಚ ಬಿಳಿ. ಕಥೆಯೆಲ್ಲ ಯಾವುದಕ್ಕಾಗಿ ಕಾದಿತ್ತೋ ಅದೇ ಜಾಗ! ಏನೂ ಹೇಳದೆ ಪುಟವನ್ನು ನನ್ನ ಮೇಜಿಗೆ ತಳ್ಳಿ ಕಾಫಿಗೆ ಹೋಗುತ್ತಿದ್ದ. ಅವನು ವಾಪಸ್ಸು ಬರುವ ಹೊತ್ತಿಗೆ ನಾನು ಅದನ್ನು ತುಂಬಿರುತ್ತಿದ್ದೆ, ಪೆನ್ಸಿಲ್ ಇಲ್ಲದೆ ನೇರ ಕುಂಚದಲ್ಲಿ. ಅವನು ಬಗ್ಗಿ ನೋಡಿ, ಮೂಗಿನಲ್ಲಿ "ಹೂಂ" ಅಂದು ಕೂರುತ್ತಿದ್ದ. ಒಮ್ಮೆಯೂ ಚೆನ್ನಾಗಿದೆ ಅಂದವನಲ್ಲ. ತಿದ್ದು ಅಂದವನೂ ಅಲ್ಲ.

ಪುಟಗಳು ಅವನ ಮೇಜಿನಿಂದ ನೇರ ನನ್ನ ಮೇಜಿಗೆ ಬರುತ್ತಿದ್ದುದರಿಂದ ಇದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಈಗ ಜನ ಆ ಕೊನೆಯ ಚೌಕಗಳನ್ನೇ ಹೊಗಳುತ್ತಾರೆ. ದೊರೆಯಂತೆ, ದೊರೆ.

ಅಕ್ಟೋಬರ್ 25, ಮಂಗಳವಾರ

ಮಧ್ಯಾಹ್ನ ಫೋನು. "ಮಿಸ್ಟರ್ ಪ್ರುಜಾನ್ ಅವರಾ? ನಾನು ಕರ್ಟಿಸ್ ಹಾಲೆನ್ ಅಂತ. ನಿಮ್ಮ ಕೆಲಸ ಅಂದ್ರೆ ನನಗೆ..."

ಫೋನು ಇಟ್ಟೆ.

ಬೆಸ್ಸಿ ಯಾರದು ಎಂದಳು. ಸಾಬೂನು ಮಾರುವವನು ಎಂದೆ.

ಅಕ್ಟೋಬರ್ 28, ಶುಕ್ರವಾರ

ಅವನು ಮತ್ತೆ ಫೋನು ಮಾಡಿದ್ದಾನೆ. ನಾನು ಮಿಸೆಸ್ ಡನ್ಫಿಯ ಬಳಿ ರಬ್ಬರ್ ಚೆಂಡು ಹಿಸುಕುತ್ತಿದ್ದೆ. ಬೆಸ್ಸಿ ಅವನನ್ನು ಬುಧವಾರ ಊಟಕ್ಕೆ ಕರೆದಿದ್ದಾಳೆ!

"ಯಾರನ್ನ ಕೇಳಿ ಕರೆದೆ?"

"ನನ್ನ ಅಡುಗೆಮನೆಗೆ ಯಾರನ್ನ ಕರೀಬೇಕು ಅಂತ ನಾನು ನಿನ್ನ ಕೇಳಬೇಕಾ? ಪಾಪ, ಎಷ್ಟು ಮರ್ಯಾದೆಯಿಂದ ಮಾತಾಡ್ತಾನೆ. ನೀನು ಇಷ್ಟು ವರ್ಷದಲ್ಲಿ ಒಂದು ಸಲ ಹಂಗೆ ಮಾತಾಡಿಲ್ಲ."

ನಾನು ಆ ದಿನ ಕೋಣೆಯಿಂದ ಹೊರಗೆ ಬರುವುದಿಲ್ಲ.

ನವೆಂಬರ್ 2, ಬುಧವಾರ

ಹೊರಗೆ ಬಂದೆ. ಹೆರಿಂಗ್ ಮೀನಿನ ವಾಸನೆ ಬಂತು, ಅದಕ್ಕೆ.

ಹಾಲೆನ್‌ಗೆ ನಲವತ್ತು ದಾಟಿದೆ. ಒಳ್ಳೆಯ ಕೋಟು, ಕತ್ತರಿಸಿದ ಗಡ್ಡ. ಕೂರು ಎನ್ನುವವರೆಗೆ ಕೂರಲಿಲ್ಲ. ಮೀನು ತಿಂದ, ಉಪ್ಪಿನಲ್ಲಿಟ್ಟ ಸೌತೆಕಾಯಿ ತಿಂದ, ಬೆಸ್ಸಿಯನ್ನು ಹೊಗಳಿದ. ಬೆಸ್ಸಿ ಹುಡುಗಿಯ ಹಾಗೆ ನಕ್ಕಳು. ಆಮೇಲೆ ಚೀಲದಿಂದ ಆಲ್ಡೊನ ಎಂಟು ಪುಟ ತೆಗೆದ. ಇನ್ನೂ ಶಾಯಿ ಮುಟ್ಟಿರಲಿಲ್ಲ.

"ಕೈ ಹಾಕೋಕೆ ಭಯ ಆಗ್ತಿದೆ ಸರ್. ನಿಮಗೆ ತೋರಿಸಿ ಶುರು ಮಾಡೋಣ ಅಂತ."

ಕಥೆ ಇದು. ಇಬ್ಬರು ಆಕಾಶದ ಹಡಗಿನಲ್ಲಿ ಒಂದು ಹೊಸ ಗ್ರಹಕ್ಕೆ ಹೋಗುತ್ತಾರೆ. ನೆಲಕ್ಕೆ ಮೊದಲು ಕಾಲಿಡುವವನ ಪ್ರತಿಮೆ ಊರಿನಲ್ಲಿ ನಿಲ್ಲಿಸುತ್ತಾರೆಂದು ಮಾತಾಗಿರುತ್ತದೆ. ಮೊದಲು ಇಳಿಯಬೇಕಾದವನು ತಾಳು, ಮಣ್ಣು ಪರೀಕ್ಷೆ ಮಾಡೋಣ ಎನ್ನುತ್ತಾನೆ. ಎರಡನೆಯವನಿಗೆ ಅಸೂಯೆ. ಮೊದಲನೆಯವನನ್ನು ತಳ್ಳಿ ತಾನೇ ಹಾರುತ್ತಾನೆ. ಆ ನೆಲ ಮುಟ್ಟಿದ್ದನ್ನೆಲ್ಲ ಕಲ್ಲು ಮಾಡುತ್ತದೆ. ಇನ್ನೊಬ್ಬ ವಿಧಿಯಿಲ್ಲದೆ ಹಡಗು ಹತ್ತಿ ಹೋಗುತ್ತಾನೆ. ಪ್ರತಿಮೆ ಬೇಕೆಂದವನೇ ಪ್ರತಿಮೆಯಾಗಿ ಅಲ್ಲಿ ನಿಂತಿರುತ್ತಾನೆ, ಒಳಗೆ ಇನ್ನೂ ಜೀವ ಇಟ್ಟುಕೊಂಡೇ.

ಬೆಸ್ಸಿ ಕಾಫಿ ಇಡುತ್ತಾ, "ಆ ಕಲ್ಲಾದವನು ನಮ್ಮನೇಲೇ ಕೂತಿದಾನಲ್ಲ," ಅಂದಳು. ಇಬ್ಬರೂ ನಕ್ಕರು. ನಾನು ನಗಲಿಲ್ಲ.

ಪುಟ ತಿರುವಿದೆ. ಎಲ್ಲ ಬಿಡಿಸಿದ್ದಾನೆ! ಕಣ್ಣಿನ ರೆಪ್ಪೆ. ಅಂಗಿಯ ಹೊಲಿಗೆ. ಹಡಗಿನ ಒಂದೊಂದು ಮೊಳೆ. ಪ್ರತಿ ನೆರಳಿನ ಅಂಚು, ಪೆನ್ಸಿಲಿನಲ್ಲಿ ಗೀಟು ಹಾಕಿ.

"ನಿನಗೆ ಇಷ್ಟೆಲ್ಲ ಮಾಡಿಕೊಟ್ಟನಾ? ನನಗೆ ಮೊಟ್ಟೆ ಬಿಡಿಸಿ ಕೊಡ್ತಿದ್ದ, ಕಳ್ಳ! ಬರೀ ಮೊಟ್ಟೆ!"

ಹಾಲೆನ್ ಕಾಫಿ ಬಟ್ಟಲು ಕೆಳಗಿಟ್ಟ. "ನಿಮಗೆ ಮೊಟ್ಟೆ ಕೊಡ್ತಿದ್ರಾ?"

"ವರ್ಷಗಟ್ಟಲೆ."

"ನನಗೆ ಒಂದು ಅಂಗಿ ಗುಂಡೀನೂ ನಂಬಿ ಬಿಟ್ಟುಕೊಟ್ಟಿಲ್ಲ ಸರ್ ಅವರು," ಅಂದ. ಅವನ ಮುಖ ಸಣ್ಣಗಾಯಿತು. ನನಗೆ ಆ ಮುಖ ಗೊತ್ತು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ.

ನಾನು ಇನ್ನೊಂದು ತುಂಡು ಹೆರಿಂಗ್ ತಿಂದೆ.

ಆಮೇಲೆ ಎಂಟನೇ ಪುಟ. ಕೊನೆಯ ಚೌಕ.

ಖಾಲಿ.

"ಅದೊಂದು ತೊಂದರೆ," ಅಂದ ಹಾಲೆನ್. "ಮರೆತುಬಿಟ್ಟಿದಾರೆ ಅನ್ಸುತ್ತೆ. ನಾರ್ಮಾ ಫೋನ್ ಮಾಡಿ ಕೇಳಿದ್ಲು. 'ಎಲ್ಲ ಮುಗಿದಿದೆ, ಕಳಿಸಿದೀನಲ್ಲ' ಅಂತ ಇಟ್ಟುಬಿಟ್ರಂತೆ. ವಯಸ್ಸು ನೋಡಿ, ಪಾಪ. ಇಪ್ಪತ್ತೊಂದನೇ ತಾರೀಖು ಸೋಮವಾರ ಅಚ್ಚಿಗೆ ಹೋಗಬೇಕು. ನೀನೇ ಏನಾದ್ರೂ ಬಿಡಿಸು ಅಂತಾಳೆ. ಕಲ್ಲಾದವನ ಮುಖ ದೊಡ್ಡದಾಗಿ, ಬಾಯಿ ತೆರೆದು ಕಿರುಚೋ ಹಾಗೆ ಮಾಡೋಣ ಅಂತಿದೀನಿ."

"ಕಲ್ಲು ಕಿರುಚತ್ತಾ?"

"ಮತ್ತೆ?"

"ಬೆನ್ನು. ಅವನ ಬೆನ್ನು ಮಾತ್ರ ಕಾಣಬೇಕು. ಮೇಲೆ ಹಡಗು, ನೊಣದಷ್ಟು. ನೆರಳು ನಮ್ಮ ಕಡೆ ಬೀಳಬೇಕು, ಉದ್ದಕ್ಕೆ, ಓದೋನ ಹೆಬ್ಬೆರಳು ಮುಟ್ಟೋ ತನಕ. ಮುಖ ಯಾಕೆ ಬೇಕು? ಮುಖ ಓದೋನೇ ಹಾಕ್ಕೋತಾನೆ, ತನ್ನದೇ ಹಾಕ್ಕೋತಾನೆ."

ಅವನು ಕುಂಚ ತಂದಿದ್ದ. ಒಂದು ಹಾಳೆಯ ಮೇಲೆ ಹೇಗೆ ಎಂದು ತೋರಿಸಿ ಎಂದ. ನಾನು ತೋರಿಸಲಿಲ್ಲ. ಅವನಿಗೆ ಹಿಡಿದು ಮಾಡಲು ಹೇಳಿದೆ. ಕುಂಚ ಹಿಡಿದಿದ್ದು ತಪ್ಪು, ಹಲ್ಲುಜ್ಜುವ ಬ್ರಷ್ಷಿನ ಹಾಗೆ. ತಿದ್ದಿದೆ. ಶಾಯಿ ಜಾಸ್ತಿ, ತಿದ್ದಿದೆ. ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಾನೆ, ಅದನ್ನೂ ತಿದ್ದಿದೆ. ಬೆಸ್ಸಿ ದೀಪ ಹಾಕಿದಾಗಲೇ ಸಂಜೆಯಾಗಿದೆ ಎಂದು ಗೊತ್ತಾಗಿದ್ದು.

ಹೋಗುವಾಗ ಅವನು ಪುಟಗಳನ್ನು ಚೀಲಕ್ಕೆ ಹಾಕಿಕೊಂಡ. ಎಂಟನೆಯದನ್ನೂ. ನಾನು ನೋಡುತ್ತಾ ನಿಂತೆ. ಇಲ್ಲೇ ಬಿಡು ಎನ್ನಲು ಬಾಯಿ ಬರಲಿಲ್ಲ. ಯಾವ ಹಕ್ಕಿನ ಮೇಲೆ ಹೇಳಲಿ?

ನವೆಂಬರ್ 3, ಗುರುವಾರ

ಮರೆತನಾ? ಬಿಟ್ಟನಾ?

ಮರೆತಿದ್ದರೆ ಆಲ್ಡೊ ಮುದಿಯಾಗಿದ್ದಾನೆ, ಹಾಲೆನ್ ತುಂಬಲಿ, ನನಗೇನು.

ಬಿಟ್ಟಿದ್ದರೆ ಅದು ನನಗೆ ಬಿಟ್ಟಿದ್ದು. ಬೇರೆ ಯಾರಿಗೂ ಅವನು ಚೌಕ ಬಿಟ್ಟವನಲ್ಲ.

ಅಟ್ಟದ ಡಬ್ಬಿಯಿಂದ ಹಳೆಯ ಕುಂಚ ತೆಗೆದೆ. ಕೂದಲು ಗಟ್ಟಿಯಾಗಿದೆ. ಸಾಬೂನು ನೀರಿನಲ್ಲಿ ನೆನೆಹಾಕಿದ್ದೇನೆ.

ನವೆಂಬರ್ 4, ಶುಕ್ರವಾರ

ನೆರಳು. ನೆರಳು. ನೆರಳು. ದಿನಪತ್ರಿಕೆಯ ಮೇಲೆಲ್ಲ ನೆರಳು. ಅಂಚು ನಡುಗುತ್ತದೆ. ಬೆಸ್ಸಿ ಓದಬೇಕಿದ್ದ ಪುಟವೂ ಕಪ್ಪಾಯಿತೆಂದು ಕೂಗಾಡಿದಳು.

ಅವಳು ಕೂಗಾಡುತ್ತಾ ತಡ ಮಾಡಿದ್ದಕ್ಕೆ ಗಡ್ಡ ನಾನೇ ಹೆರೆದುಕೊಂಡೆ.

ನವೆಂಬರ್ 6, ಭಾನುವಾರ

ಬಸ್ಸು ಹತ್ತಿ ಆಲ್ಡೊನ ಮನೆಗೆ ಹೋದೆ. ಕೇಳಿಯೇ ಬಿಡುವುದೆಂದು.

ಅವನ ಮಗಳು ಚರ್ಚಿಗೆ ಹೋಗಿದ್ದಳು. ಅವನು ಹಿತ್ತಿಲಲ್ಲಿ ಅಂಜೂರದ ಗಿಡದ ಎದುರು ನಿಂತಿದ್ದ, ಹಳೆಯ ಜಮಖಾನ, ಟಾರ್ಪಾಲು, ಹಗ್ಗ ಹರಡಿಕೊಂಡು. ಅಲ್ಲಿಯವರೆಲ್ಲ ಚಳಿಗಾಲಕ್ಕೆ ಮುಂಚೆ ಅಂಜೂರಕ್ಕೆ ಹೀಗೆ ಬಟ್ಟೆ ಸುತ್ತಿ, ತಲೆಯ ಮೇಲೆ ಬಕೆಟ್ಟು ಬೋರಲು ಹಾಕುತ್ತಾರೆ. ಇಡೀ ಬೀದಿಯಲ್ಲಿ ಬಕೆಟ್ಟು ಹೊತ್ತ ಹೆಣಗಳು ನಿಂತ ಹಾಗಿತ್ತು.

ಗಾಳಿ ಬೀಸುತ್ತಿತ್ತು. ಕೂದಲು ಹಾರಾಡಿತೇ ಹೊರತು ಬೀಳಲಿಲ್ಲ. ನಿಜವಾದದ್ದೇ. ಅದೂ ಒಂದು ಹೊಟ್ಟೆಯುರಿ.

ನನ್ನನ್ನು ನೋಡಿ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ನಿನ್ನೆ ಸಂಜೆ ಮೇಜು ಬಿಟ್ಟು ಎದ್ದವನು ಇವತ್ತು ಬಂದ ಹಾಗೆ, "ಲೇಟು," ಅಂದ.

"ಬಸ್ಸು ಲೇಟು."

"ಇಪ್ಪತ್ತು ವರ್ಷ ಲೇಟಾಯ್ತಾ ಬಸ್ಸು?"

"ನಿನ್ನ ಮನೆ ಬಾಗಿಲಿಗೇನು ಬೇರೆ ರೋಡಿತ್ತಾ? ನೀನೂ ಬರಬಹುದಿತ್ತಲ್ಲ, ದೊರೆ."

"ಓ, ಪತ್ರಿಕೆ ಓದಿದೀಯ. ಅದು ಅವರು ಬರೆದಿದ್ದು, ನಾನಲ್ಲ."

"ಅಲ್ಲ ಅಂತ ಹೇಳಿದ್ಯಾ ಅವರಿಗೆ?"

"ಹೇಳಿದೆ. ಹಾಕಿಲ್ಲ. ಹಗ್ಗ ಹಿಡಿ."

ಬಂದವನಿಗೆ ಕುಡಿಯಲು ನೀರೂ ಕೊಡದೆ ಹಗ್ಗ ಕೊಟ್ಟ! ಎಡಗೈಯಲ್ಲಿ ಹಿಡಿದೆ.

"ಬಲಗೈಲಿ ಹಿಡಿ."

"ಯಾವ ಕೈಲಿ ಹಿಡಿದ್ರೆ ನಿನ್ನ ಗಿಡಕ್ಕೇನು?"

"ಗಿಡಕ್ಕೇನಿಲ್ಲ. ಬಲಗೈಲಿ ಹಿಡಿ."

ಅವನು ಜಮಖಾನ ಸುತ್ತುತ್ತಾ ಬಂದ, ನಾನು ಎಳೆದು ಹಿಡಿದೆ. ಹಗ್ಗ ಜಾರಿತು. ಅವನು ಬಿಚ್ಚಿ ಮತ್ತೆ ಸುತ್ತಿದ. ಮತ್ತೆ ಜಾರಿತು. ಮತ್ತೆ ಬಿಚ್ಚಿದ. ಆಮೇಲಿನ ಸಲ ಹಿಡಿದು ನಿಂತೆ, ತೋಳೆಲ್ಲ ನಡುಗುತ್ತಿತ್ತು, ಬಿಡಲಿಲ್ಲ. ಅವನು ಗಂಟು ಹಾಕಿದ. ಗಂಟು ನೋಡಲಿಲ್ಲ, ನನ್ನ ಬೆರಳನ್ನೇ ನೋಡುತ್ತಾ ಹಾಕಿದ. ಆಮೇಲೆ ಮೂಗಿನಲ್ಲಿ "ಹೂಂ" ಅಂದ.

ನನ್ನನ್ನು ಕೂಲಿಯವನನ್ನಾಗಿ ಮಾಡಿಕೊಂಡ. ಸೋಮಾರಿತನ ಒಂದಿಷ್ಟೂ ಹೋಗಿಲ್ಲ.

ಬಕೆಟ್ಟು ಹಾಕಿ ಆದ ಮೇಲೆ ಒಳಗೆ ಕಾಫಿ ಕೊಟ್ಟ, ಸೋಂಪಿನ ಬಿಸ್ಕತ್ತು ಕೊಟ್ಟ. "ಹಾಲೆನ್ ಒಳ್ಳೆಯವನು," ಅಂದ. "ಗೆರೆ ಚೊಕ್ಕಟ."

"ಚೊಕ್ಕಟ ಗೆರೆ ಸಾಬೂನಿಗೆ."

"ನಿನ್ನ ಗೆರೆ ಹೆಂಗಿದೆ ಈಗ?"

"ಚೆನ್ನಾಗಿದೆ."

"ನಡುಗಲ್ವಾ?"

"ನಡುಗಲ್ಲ."

ಹೇಳುವಾಗ ಬಟ್ಟಲು ಸಾಸರಿನ ಮೇಲೆ ಟಕಟಕ ಎನ್ನುತ್ತಿತ್ತು. ಅವನು ಕೇಳಿಸದವನ ಹಾಗೆ ಕಿಟಕಿಯ ಆಚೆ ನೋಡಿದ. "ಆ ಗ್ರಹದಲ್ಲಿ ನೆಲ ಒರಟು," ಅಂದ. "ಅಲ್ಲಿ ನೆರಳಿನ ಅಂಚು ನೇರ ಬೀಳಲ್ಲ."

ಯಾವ ಗ್ರಹ, ಏನು ಸಂಬಂಧ? ಮಾತಿನ ನಡುವೆ ಹೀಗೆ ಎಲ್ಲೋ ಹೋಗುತ್ತಾನೆ. ಹಾಲೆನ್ ಹೇಳಿದ್ದು ನಿಜವಿರಬಹುದು, ಮರೆವು ಹತ್ತಿರಬಹುದು. ಕೇಳಬೇಕೆಂದಿದ್ದ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಮಗಳು ಬಂದಳು. ನಾನು ಕೋಟು ಹಾಕಿಕೊಂಡೆ.

ಕೇಳದೆ ಬಂದೆ. ಅವನೂ ಹೇಳಲಿಲ್ಲ. ಕತ್ತೆ.

ನವೆಂಬರ್ 7, ಸೋಮವಾರ

ಮಿಸೆಸ್ ಡನ್ಫಿ ಈ ಪುಸ್ತಕದ ಮೊದಲ ಪುಟವನ್ನೂ ನಿನ್ನೆಯ ಪುಟವನ್ನೂ ಪಕ್ಕದಲ್ಲಿಟ್ಟು, ಓದದೆ ಬರಿಯ ಅಕ್ಷರ ನೋಡಿ ಚಪ್ಪಾಳೆ ತಟ್ಟಿದಳು. ಏನಿದೆ ಅದರಲ್ಲಿ ತಟ್ಟುವಂಥದ್ದು? ಸಿಟ್ಟು ಬಂದರೆ ಯಾರಾದರೂ ಉದ್ದ ಬರೆಯುತ್ತಾರೆ. ಇನ್ನು ದಿನಾ ಬರೆಯಬೇಕಾಗಿಲ್ಲ ಅಂದಳು. ಒಳ್ಳೆಯದಾಯಿತು.

ಮಧ್ಯಾಹ್ನ ಹಾಲೆನ್ ಫೋನು. ಏಳು ಪುಟಕ್ಕೂ ಶಾಯಿ ಹಾಕಿಯಾಯಿತಂತೆ, ಎಂಟನೆಯದರಲ್ಲಿ ಕೊನೆಯ ಚೌಕ ಬಿಟ್ಟು ಎಲ್ಲ ಮುಗಿಯಿತಂತೆ. "ನೀವು ಹೇಳಿದ ಹಾಗೆ ಬೆನ್ನು ಹಾಕಲಾ ಸರ್?" ಎಂದ.

"ಬೇಡ. ಮುಟ್ಟಬೇಡ. ಹದಿನೆಂಟರ ತನಕ ಕಾಯಿ."

"ಯಾಕೆ ಸರ್?"

"ಯಾಕೆ ಅಂದ್ರೆ ನಾನು ಹೇಳಿದೆ ಅಂತ."

ಕಾಯುತ್ತೇನೆ ಅಂದ. ಇನ್ನೊಂದು ಮಾತೂ ಕೇಳಲಿಲ್ಲ. ಬೆಸ್ಸಿ ಹೇಳಿದ್ದು ಸರಿ, ಮರ್ಯಾದೆಯವನು.

ಕೆಳಗಿನದ್ದನ್ನು ಹೊಸ ಹಾಳೆಯ ಮೇಲೆ ಬರೆದು, ಹರಿದು, ಬೆಸ್ಸಿಯ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆ.

ಆಲ್ಡೊ,

ಕೊನೆಯ ಚೌಕ ಖಾಲಿ ಇದೆ. ನೋಡಿದೆ. ನೀನು ಮರೆತೆಯೋ, ಬಿಟ್ಟೆಯೋ? ಮರೆತಿದ್ದರೆ ಮರೆತೆ ಅಂತ ಬರಿ, ಹಾಲೆನ್ ಮಾಡುತ್ತಾನೆ, ಕೆಟ್ಟದಾಗಿ ಮಾಡುವುದಿಲ್ಲ. ಬಿಟ್ಟಿದ್ದರೆ ಆ ಪುಟವನ್ನು ನನಗೆ ಕೊಡಲು ಅವನಿಗೆ ಹೇಳು. ಶನಿವಾರ, ಭಾನುವಾರ ಸಿಕ್ಕರೆ ನನಗೆ ಸಾಕು.

ನಿನ್ನೆ ಸುಳ್ಳು ಹೇಳಿದೆ, ಕೈ ನಡುಗುತ್ತದೆ. ಗೊತ್ತಿದ್ದೇ ಕೇಳಿದೆ ನೀನು. ನೆಲ ಒರಟು ಅಂದೆಯಲ್ಲ, ಅಲ್ಲಿಗೆ ನಡುಗುವ ಗೆರೆಯೇ ಸರಿ ಅಂತ ತಾನೇ, ಅದು ರಾತ್ರಿ ಮಲಗಿದ ಮೇಲೆ ನನ್ನ ತಲೆಗೆ ಹೋಯಿತು. ಆದರೂ ನೀನು ಬಾಯಿ ಬಿಟ್ಟು ಹೇಳಬೇಕು. ಈ ಸಲ ಪುಟ ತಳ್ಳಿ ಕಾಫಿಗೆ ಎದ್ದು ಹೋದರೆ ನಡೆಯುವುದಿಲ್ಲ. ಮೂಗಿನಲ್ಲಿ "ಹೂಂ" ಅಂದರೂ ನಡೆಯುವುದಿಲ್ಲ.

ಹದಿನೆಂಟನೇ ತಾರೀಖು ಶುಕ್ರವಾರದೊಳಗೆ ಉತ್ತರ ಬರಬೇಕು.

ಹೈಮನ್